ಧೂಳಿಲ್ಲದ ಏಳನೇ ಕೋಣೆ

“ಏಳನೇ ಕೋಣೆ ಖಾಲಿ ಅಂತ ಆಟದ ಪುಸ್ತಕದಲ್ಲೇ ಇದೆಯಲ್ಲೇ! ಮುಗೀತು, ನಡೀರಿ,” ಎಂದು ಅಣ್ಣ ದಾಳಗಳನ್ನು ಡಬ್ಬಿಗೆ ಹಾಕತೊಡಗಿದ. ದಾಳ ಉರುಳಿಸಿ ಮಾತಲ್ಲೇ ಕಥೆ ಕಟ್ಟುವ ಆ ಆಟದಲ್ಲಿ ಅವನು ಅನ್ಯಗ್ರಹದ ಪಾಳುನಗರವನ್ನು ದೋಚಲು ಬಂದ ಕ್ಯಾಪ್ಟನ್. ಆಟ ನಡೆಸುತ್ತಿದ್ದ ತಂಗಿ ಜಗ್ಗಲಿಲ್ಲ. ಆ ಬಡಕಲು ಪುಸ್ತಕದಲ್ಲಿ ನಿಧಿಯ ಪಟ್ಟಿಯಿತ್ತು, ನಗರದಲ್ಲಿ ಬಾಳಿದವರ ಬಗ್ಗೆ ಒಂದು ಸಾಲೂ ಇರಲಿಲ್ಲ. ಆ ಸಾಲನ್ನು ತಾನೇ ಕಟ್ಟಲು ಅವಳು ವಾರವಿಡೀ ತಲೆ ಕೆಡಿಸಿಕೊಂಡಿದ್ದಳು. ಈಗ ಅಣ್ಣ, ಜೊತೆಗೆ ಆಡಲು ಕೂತ ಚಿಕ್ಕಮ್ಮ ಇಬ್ಬರೂ ಎದ್ದರೆ ಎಲ್ಲ ನೀರುಪಾಲು.

“ಖಾಲಿ ಹೌದು. ಆದ್ರೆ ಸಾವಿರ ವರ್ಷದ ಪಾಳುಕೋಣೇಲಿ ಒಂದು ಚೂರೂ ಧೂಳಿಲ್ಲ,” ಎಂದಳು.

“ಗುಡಿಸೋ ಯಂತ್ರ ಇರ್ಬೇಕು,” ಅಣ್ಣ ಆಕಳಿಸಿದ.

“ಯಂತ್ರ ಮೂಲೆ ಮುಟ್ಟಲ್ಲ. ಮೂಲೆ ಹೇಗಿದೆ?” ಎಂದು ಕೇಳಿದ್ದು, ಆಸ್ಪತ್ರೆಯಲ್ಲಿ ಇಪ್ಪತ್ತು ವರ್ಷ ನೆಲ ಒರೆಸಿದ ಚಿಕ್ಕಮ್ಮ.

“ಮೂಲೇನೂ ಫಳಫಳ.”

“ಹಾಗಾದ್ರೆ ಕೈಯಲ್ಲೇ ಒರೆಸಿದ್ದು ಕಣೋ. ದೊಡ್ಡವರೆಲ್ಲ ಹಡಗು ಹತ್ತಿ ಓಡುವಾಗ ಒರೆಸೋಳಿಗೆ ಯಾರೂ ಹೇಳಿಲ್ಲ. ಅವಳಿನ್ನೂ ಇಲ್ಲೇ ಇದ್ದಾಳೆ.” ಚಿಕ್ಕಮ್ಮ ಕುರ್ಚಿಯನ್ನು ಮುಂದಕ್ಕೆಳೆದುಕೊಂಡಳು. “ದೋಚೋದು ಗೀಚೋದು ಬಿಡು. ಬೂಟು ಒರೆಸ್ಕೊಂಡು ಒಳಗೆ ಬಾ, ಕ್ಯಾಪ್ಟನ್ ಸಾಹೇಬ.”

ಮೇಜಿನ ಕೆಳಗೆ ಅಣ್ಣನ ಚಪ್ಪಲಿ ಚಾಪೆಗೆ ಉಜ್ಜಿದ ಸದ್ದು ತಂಗಿಗೆ ಸ್ಪಷ್ಟವಾಗಿ ಕೇಳಿಸಿತು.