ಚಿಂಟುವಿನ ಕಾರ್ಡು

ನಾಯಿ ಹಿಡಿಯುವ ಶಿವಮಲ್ಲು ಹಗ್ಗ ತೆಗೆದುಕೊಂಡು ಪಕ್ಕದ ಮನೆಯ ಅಂಗಳಕ್ಕೆ ಬಂದಾಗ ಸಿಂಧು ತನ್ನ ನಾಯಿ ಚಿಂಟುವಿನ ಲಸಿಕೆ ಕಾರ್ಡನ್ನು ಕೈಚೀಲಕ್ಕೆ ಹಾಕಿಕೊಳ್ಳುತ್ತಿದ್ದಳು. ಗುಂಡ್ಲುಪೇಟೆಯ ಪಶು ಆಸ್ಪತ್ರೆಗೆ ಹೊರಡಲು ಆಟೋ ಹೇಳಿಯಾಗಿತ್ತು. ಬೆಳಿಗ್ಗೆ ಈರುಳ್ಳಿ ಮಂಡಿಯ ಹಿಂದೆ ಹುಚ್ಚುನಾಯಿಯೊಂದು ಚಿಂಟುವನ್ನೂ ಪಕ್ಕದ ಮನೆಯ ಚಿಕ್ಕನಿಂಗಮ್ಮನ ನಾಯಿ ಕಾಳನನ್ನೂ ಕಚ್ಚಿತ್ತು. ಸಿಂಧು ಕೈಗೆ ಪ್ಲಾಸ್ಟಿಕ್ ಕವರು ಸುತ್ತಿಕೊಂಡು ಎರಡರ ಗಾಯಕ್ಕೂ ಸೋಪು ಹಾಕಿ, ಪೈಪಿನ ನೀರು ಬಿಟ್ಟು ತೊಳೆದಿದ್ದಳು. ಮಗಳು ಅನುವನ್ನು ಹತ್ತಿರ ಸುಳಿಯಲು ಬಿಟ್ಟಿರಲಿಲ್ಲ.

ಫೋನಿನಲ್ಲಿ ಡಾಕ್ಟರು ಬಿಡಿಸಿ ಹೇಳಿದ್ದರು. ಮರಿಯಿಂದ ವರ್ಷಾ ವರ್ಷಾ ಲಸಿಕೆ ಆಗಿರುವ ನಾಯಿಗೆ ಇವತ್ತೇ ಇನ್ನೊಂದು ಬೂಸ್ಟರ್ ಕೊಟ್ಟು, ಒಂದೂವರೆ ತಿಂಗಳು ಕಟ್ಟಿ ಕಣ್ಣಿಟ್ಟರೆ ಸಾಕು. ಲಸಿಕೆಯೇ ಆಗದ ನಾಯಿಯ ವಿಷಯದಲ್ಲಿ ಭರವಸೆ ಕೊಡಲಾಗದು. ಸೂಜಿ ಶುರು ಮಾಡಿದರೂ ಆರು ತಿಂಗಳು ಯಾರೂ ಮುಟ್ಟದ ಹಾಗೆ ಕೂಡಿಹಾಕಬೇಕು.

"ಆರು ತಿಂಗಳು ಎಲ್ಲವ್ವ ಕೂಡಾಕ್ಲಿ? ಇರೋದೊಂದು ಕೋಣೆ. ಮೊಮ್ಮಗ ಅದರ ಮೈಮ್ಯಾಕೇ ಬಿದ್ದಿರ್ತನೆ," ಚಿಕ್ಕನಿಂಗಮ್ಮ ಬೇಲಿಯಾಚೆ ಸೆರಗಿನಲ್ಲಿ ಮೂಗು ಒರೆಸಿಕೊಂಡಳು. ಕಾಳನನ್ನು ಊರಾಚೆ ಒಯ್ದು ಕೊಲ್ಲಲೆಂದು ಶಿವಮಲ್ಲುವನ್ನು ಕರೆಸಿದವಳೂ ಅವಳೇ. "ನಿಮ್ ನಾಯಿಗ್ ಸೂಜಿ, ನಮ್ ನಾಯಿಗ್ ಮುದ್ದೆ, ಯಾವುದು ಗಟ್ಟಿ ನೋಡನ ಅಂತಿದ್ನಲ್ಲ, ಈ ಹಾಳು ಬಾಯಲ್ಲಿ!"

"ಅಳ್ಬೇಡ ಕಣಕ್ಕ," ಎಂದ ಶಿವಮಲ್ಲು. "ನಂಗೇನು ಆಸೆನಾ? ಬೀದಿ ತುಂಬ ಮಕ್ಳವೆ. ಸೂಜಿ ಆಗ್ದೆ ಇರೋ ನಾಯ ಯಾರೂ ಮಡಿಕಳಕ್ ಬುಡಲ್ಲ."

ಸಿಂಧು ಒಳಗೆ ಬಂದಳು. ಅನು ಬಾಗಿಲ ಹಿಂದೆ ನಿಂತಿದ್ದಳು, ಹನ್ನೊಂದು ವರ್ಷದ ಹುಡುಗಿ, ತುಟಿಯೆಲ್ಲ ಬಿಳಚಿಕೊಂಡು.

"ಅಮ್ಮಾ, ಕಾಳನ್ನ ಕರ್ಕೊಂಡೋಗ್ಬೇಡ ಅನ್ನು."

"ನಾನೇನ್ ಮಾಡ್ಲಿ ಕಂದ? ಅದಕ್ಕೆ ಸೂಜಿನೇ ಆಗಿಲ್ವಲ್ಲ."

"ಆಗಿದೆ."

ಸಿಂಧು ಮಗಳ ಭುಜ ಹಿಡಿದು ತನ್ನತ್ತ ತಿರುಗಿಸಿಕೊಂಡಳು.

"ಮರಿ ಇದ್ದಾಗ ಮೊದಲನೇ ಸೂಜಿಗೆ ಚಿಂಟುಗೆ ಜ್ವರ ಬಂತಲ್ಲಮ್ಮ, ಎರಡು ದಿನ ಹಾಲೂ ಮುಟ್ಲಿಲ್ಲ. ಸತ್ತೇ ಹೋಗ್ತಾನೆ ಅಂದ್ಕೊಂಡಿದ್ದೆ. ಆಮೇಲೆ ತಾತ ಮೊಪೆಡ್ಡಲ್ಲಿ ಕರ್ಕೊಂಡೋಗುವಾಗೆಲ್ಲ… ಚಿಂಟು ಬೆಲ್ಟನ್ನ ಕಾಳಂಗೆ ಹಾಕಿ ಕೂರಿಸ್ತಿದ್ದೆ. ಚಿಕ್ಕನಿಂಗಜ್ಜಿ ಕೂಲಿಗೆ ಹೋಗಿರ್ತಿತ್ತು. ತಾತಂಗೆ ನಾಯಿ ಅಂದ್ರೆ ನಾಯಿ ಅಷ್ಟೇ."

"ಎಷ್ಟು ಸಲ?"

"ಎಲ್ಲಾ ಸಲ."

ಸಿಂಧು ಕಾರ್ಡು ತೆರೆದಳು. ಐದು ಮೊಹರು. ಮೊದಲನೆಯದಕ್ಕೆ ಅವಳೇ ಮರಿಯನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಉಳಿದ ನಾಲ್ಕಕ್ಕೆ ಮಾವನ ಜೊತೆ ಅಡುಗೆಮನೆಯ ಬಾಗಿಲಿಂದಲೇ ಕೈಬೀಸಿ ಕಳಿಸಿದ್ದಳು. ಎರಡೂ ಒಂದೇ ತಾಯಿಯ ಮರಿಗಳು. ಅದೇ ಕಪ್ಪು, ಹುಬ್ಬಿನ ಮೇಲೆ ಅದೇ ಕಂದು ಚುಕ್ಕೆ. ಸೂಜಿಯ ದಿನ ಚಿಂಟು ಗಬಗಬನೆ ತಿಂದು ಕುಣಿದಾಡುತ್ತಿದ್ದರೆ, ನಮ್ಮ ಮರಿ ಈಗ ತಡೆದುಕೊಳ್ಳುತ್ತದೆ ಎಂದು ಹಿಗ್ಗುತ್ತಿದ್ದಳು. ಬೇಲಿಯಾಚೆ ಕಾಳ ಮಂಕಾಗಿ ಮಲಗಿರುತ್ತಿದ್ದ. ಬಿಸಿಲಿಗೆ ಹಂಗೆ ಎನ್ನುತ್ತಿದ್ದಳು ಚಿಕ್ಕನಿಂಗಮ್ಮ.

ಬಂಡೀಪುರದಲ್ಲಿ ಡ್ಯೂಟಿಯಲ್ಲಿದ್ದ ಗಂಡನಿಗೆ ಫೋನು ಮಾಡಿದಳು. ಸಿಗಲಿಲ್ಲ. ಹಿತ್ತಲ ಕೊಟ್ಟಿಗೆಯಲ್ಲಿ ಕಟ್ಟಿದ್ದ ಚಿಂಟು ಅವಳ ಹೆಜ್ಜೆಯ ಸದ್ದಿಗೇ ಕುಂಯ್‌ಗುಟ್ಟಿದ. ಅನು ಹೇಳಿದ್ದು ತನ್ನೊಬ್ಬಳ ಕಿವಿಗೆ. ಕಾರ್ಡಿನ ಮೇಲಿರುವುದು ಚಿಂಟುವಿನ ಹೆಸರು. ಒಂದು ಹತ್ತು ನಿಮಿಷ ಒಳಗೇ ಇದ್ದುಬಿಟ್ಟರೆ ಎಲ್ಲವೂ ಮುಗಿದಿರುತ್ತದೆ. ಹಾಗೆಂದು ಯೋಚಿಸಿದ್ದೇ, ಕಾರ್ಡನ್ನು ಮಡಚಿ ಹಿಡಿದು ಬಾಗಿಲಿಗೆ ಬಂದಳು.

ಹೊರಗೆ ಕಾಳನ ಕೊರಳಿಗೆ ಹಗ್ಗ ಬಿದ್ದಿತ್ತು. ಅವನು ಬಾಲ ಅಲ್ಲಾಡಿಸುತ್ತ ಶಿವಮಲ್ಲುವಿನ ಹಿಂದೆ ಹೊರಟಿದ್ದ.

"ಶಿವಮಲ್ಲಣ್ಣ, ನಿಲ್ಲು!" ಸಿಂಧು ಚಪ್ಪಲಿ ಮೆಟ್ಟದೆ ಓಡಿದಳು. "ಕಾಳನ್ನ ಬಿಟ್ಬಿಡು. ಅದಕ್ಕೆ ನಾಲ್ಕು ಸೂಜಿ ಆಗಿದೆ. ಈ ಕಾರ್ಡು ಅದರದ್ದೇ."

"ಈವತ್ತೂ ತಮಾಸೆ ಮಾಡೀಯವ್ವ?" ಚಿಕ್ಕನಿಂಗಮ್ಮ ಗದರಿದಳು.

ಸಿಂಧು ನಡೆದದ್ದನ್ನು ಹೇಳಿದಳು, ಎಲ್ಲೂ ತಪ್ಪಿಸದೆ, ಮಗಳ ಹೆಸರನ್ನೂ ಮರೆಮಾಚದೆ. ಕಾರ್ಡನ್ನು ಮುದುಕಿಯ ಕೈಗಿಟ್ಟಳು. ಓದಲು ಬಾರದ ಚಿಕ್ಕನಿಂಗಮ್ಮ ಅದನ್ನು ಹಿಂದೆ ಮುಂದೆ ತಿರುಗಿಸಿ, ಕಣ್ಣಿಗೊತ್ತಿಕೊಂಡು, ಕಾಳನ ಎದುರು ಕುಸಿದು ಕೂತು ಅತ್ತಳು. ಅಳು ನಿಂತ ಮೇಲೆ ನಿಧಾನವಾಗಿ ತಲೆಯೆತ್ತಿದಳು.

"ಹಂಗಾರೆ… ನಿಮ್ಮದು?"

ಶಿವಮಲ್ಲುವೂ ತಿರುಗಿ ನೋಡಿದ. ಮನೆಯ ಕಿಟಕಿಯಿಂದ ಅಷ್ಟು ಹೊತ್ತೂ ಕೇಳಿಸುತ್ತಿದ್ದ ಅನುವಿನ ಬಿಕ್ಕು, ಅಮ್ಮನ ಉತ್ತರಕ್ಕಾಗಿ, ಗಕ್ಕನೆ ನಿಂತಿತು.