ಚಕ್ರದಡಿಯ ಒದ್ದೆ

"ಗಟ್ಟಿಯಾಗಿ ಒತ್ತೇ ಕಮಲೀ!" ಮಾರುತಿ ಕಾರಿನ ಮುಂದಿನ ಚಕ್ರದ ಪಕ್ಕ ಮಲಗಿ, ಟಾರ್ಚ್ ಹಿಡಿದು ತಲೆಯನ್ನು ಅಡಿಗೆ ತೂರಿಸಿದ್ದ ಕುಸುಮಾ ಕೂಗಿದಳು. ಚಕ್ರದ ಕೆಳಗೆ ಅಂಗೈಯಗಲದ ಒದ್ದೆ ಕಂಡಿತ್ತು. ಬ್ರೇಕ್ ಎಣ್ಣೆ ಸೋರುವ ಕಾರಿನಲ್ಲಿ ನಾಳೆ ಕಾಳಿ ನದಿಯ ಸೇತುವೆ ದಾಟಿ ಶಾಲೆಗೆ ಪಾಠ ಮಾಡಲು ಹೋಗುವುದು ಹೇಗೆ? ಗಂಡನಿದ್ದಾಗ ಅವನು ಕೆಳಗೆ ಮಲಗಿ ನೋಡುತ್ತಿದ್ದ, ಇವಳು ಒಳಗೆ ಕೂತು ಬ್ರೇಕ್ ಒತ್ತುತ್ತಿದ್ದಳು. ಒಬ್ಬರಿಂದ ಆಗುವ ಕೆಲಸವಲ್ಲ ಅದು. ಕೋಡಿಬಾಗದ ಮನೆಮನೆಗೆ ಮೀನು ಮಾರಿ ವಾಪಸಾಗುತ್ತಿದ್ದ ಕಮಲಿಯನ್ನೇ ಕರೆದು ಸೀಟಿನಲ್ಲಿ ಕೂರಿಸಿದ್ದಳು.

"ಗಾಡಿ ಓಡಿಬಿಟ್ರೆ ನಂಗೆ ಹೇಳ್ಬೇಡಿ ಮತ್ತೆ, ಅಕ್ಕೋರೆ!" ಎಂದು ನಗುತ್ತಲೇ ಕಮಲಿ ಬರಿಗಾಲಲ್ಲಿ ಒತ್ತಿದಳು. ಒತ್ತುತ್ತ ಒತ್ತುತ್ತ ಸೊಸೆ ಸಿಟ್ಟು ಮಾಡಿಕೊಂಡು ಅವರ್ಸಾದ ತವರಿಗೆ ಹೋಗಿ ಕೂತ ಕಥೆ ಶುರುಮಾಡಿದಳು. ಈ ಅಂಗಳದಲ್ಲಿ ಇಷ್ಟು ಮಾತು ಕೇಳಿ ಎಂಟು ತಿಂಗಳಾಗಿತ್ತು.

ಪೈಪು ಒಣಗಿತ್ತು, ಚಕ್ರದ ಒಳಮೈಯೂ ಒಣಗಿತ್ತು. ಕುಸುಮಾ ನೆಲದ ಒದ್ದೆಗೆ ಬೆರಳದ್ದಿ ಉಜ್ಜಿದಳು. ಜಿಡ್ಡಿರಲಿಲ್ಲ. ಮೂಗಿಗೆ ಹಿಡಿದರೆ ಬಂಗಡೆಯ ವಾಸನೆ. ಬೆಳಿಗ್ಗೆ ಮೀನು ಕೊಡಲು ಬಂದ ಕಮಲಿ ಬುಟ್ಟಿ ಇಳಿಸಿದ್ದು ಇದೇ ಕಾರಿನ ನೆರಳಿಗೆ.

"ಸೋರ್ತದೇನ್ರಾ ಅಕ್ಕೋರೆ?" ಮೇಲಿನಿಂದ ಕಮಲಿ ಕೇಳಿದಳು. "ನಾ ಹೋಗ್ಲಾ?"

ಕುಸುಮಾ ಬೆರಳನ್ನು ಸೆರಗಿಗೆ ಒರೆಸಿಕೊಂಡು ಟಾರ್ಚ್ ಆರಿಸಿದಳು. ಆದರೆ ಕಾರಿನಡಿಯಿಂದ ಏಳಲಿಲ್ಲ.

"ಸಮಾ ಗೊತ್ತಾಗುದಿಲ್ಲ ಕಮಲೀ, ಇನ್ನೊಂದ್ ಸಲ ಒತ್ತು. ಮತ್ತೆ, ನಿನ್ ಸೊಸೆ ಏನಂದ್ಳು?"