ಮುಖ ಕಾಣುವ ಫೋಟೋ

"ಇದು ಮನುಷ್ಯನ ಮುಖ ಏನ್ರಿ? ಎಣ್ಣಿ ಡಬ್ಬಿ ಅದ!"

ಫೋನಿನಲ್ಲಿ ವಿಶಾಖಾ ಕಿರುಚಿದ ಸದ್ದಿಗೆ, ಮಾನ್ವಿಯ ಕೊರಿಯರ್ ಆಫೀಸಿನಲ್ಲಿ ಚಹಾ ಕುಡಿಯುತ್ತಿದ್ದವರೆಲ್ಲ ನಾಗೇಶನತ್ತ ತಿರುಗಿದರು. ನಾಗೇಶ ಫೋನನ್ನು ಕಿವಿಯಿಂದ ಗೇಣು ದೂರ ಹಿಡಿದ.

ಅವಳು ಹೇಳಿದ್ದು ಸುಳ್ಳೇನಲ್ಲ. ಪೋತ್ನಾಳದ ಪಾರ್ಸಲ್ಲುಗಳನ್ನೆಲ್ಲ ಅವನು ರಸ್ತೆಬದಿಯ ತಾಯಣ್ಣನ ಕಿರಾಣಿ ಅಂಗಡಿಯಲ್ಲೇ ಇಳಿಸುತ್ತಿದ್ದ. ಕೌಂಟರಿನ ಮೇಲೆ ಎಣ್ಣೆ ಡಬ್ಬಿಗಳ ನಡುವೆ ಇಟ್ಟು ಒಂದು ಫೋಟೋ. ಮೊಬೈಲಿನ ಗಾಜಿನ ಮೇಲೆ ತಾಯಣ್ಣನ ಬೆರಳಿನ ಒಂದು ಗೀಚು, ಅದೇ ಸಹಿ. ಆ್ಯಪಿನಲ್ಲಿ 'ತಲುಪಿದೆ'. ಊರವರು ಸಂಜೆ ಬೆಲ್ಲ, ಸೋಪಿನ ಜೊತೆ ತಮ್ಮ ಪಾರ್ಸಲ್ ಒಯ್ಯುತ್ತಿದ್ದರು. ನಾಲ್ಕು ವರ್ಷದಲ್ಲಿ ಒಬ್ಬರೂ ತಕರಾರು ತೆಗೆದಿರಲಿಲ್ಲ.

ಈಗ ಇವಳು. ರಾಯಚೂರಿನಲ್ಲಿ ಮನೆಯಿಂದಲೇ 'ಚಿಗುರು' ಅಂತ ಆನ್‌ಲೈನ್ ಅಂಗಡಿ ನಡೆಸುವವಳು. ಮಕ್ಕಳ ಫ್ರಾಕು, ಸ್ವೆಟರು, ಕುಲಾವಿ. ಪೋತ್ನಾಳಕ್ಕೆ ಎರಡು ಪಾರ್ಸಲ್ ಕಳಿಸಿದ್ದಳು, ಎರಡೂ ಒಂದೇ ಹೆಸರಿಗೆ. ಎರಡಕ್ಕೂ ದೂರು.

"ನನಗ ಮುಟ್ಟಿಲ್ಲ ಅಂತ ಆ ಗಿರಾಕಿ ಅಂದಾನೇನ್ರಿ?" ನಾಗೇಶ ಕೇಳಿದ.

"ಅವ ಏನರ ಅನ್ನಲಿ. ನನಗ ಅವನ ಕೈಯಾಗ ಡಬ್ಬಿ ಇರೋ ಫೋಟೋ ಬೇಕು. ಮುಖ ಕಾಣಬೇಕು. ಲೇಬಲ್ ಓದಾಕ ಬರಬೇಕು. ತಾರೀಖು, ಟೈಮು, ಜಾಗ, ಎಲ್ಲಾ ಇರಬೇಕು."

"ಹೆಸರೊಂದು ಹೇಳ್ರಿ ಮೇಡಂ, ಬರ್ಕೋತೀನಿ."

"ಲೇಬಲ್ ಮ್ಯಾಲ ಅದ. ಓದಾಕ ಬರ್ತದಲ್ಲ ನಿಮಗ?"

ಫೋನ್ ಕಟ್.

ಆಫೀಸಿನ ಮ್ಯಾನೇಜರ್ ಶೇಖರ ಕುರ್ಚಿಯಿಂದ ಏಳದೆಯೇ ತೀರ್ಪು ಕೊಟ್ಟ. "ಇನ್ನೊಂದು ದೂರು ಬಂತಂದ್ರ ನಿನ್ನ ಐಡಿ ಬಂದ್. ಆಮ್ಯಾಲ ಅದ ಬೈಕಿನ್ಯಾಗ ಕೊತ್ತಂಬರಿ ಮಾರ್ಕೋತ ತಿರುಗು."

ಚಹಾ ಕುಡಿಯುತ್ತಿದ್ದವರು ನಕ್ಕರು. ನಾಗೇಶ ನಗಲಿಲ್ಲ. ಅವನ ಮನೆಯಲ್ಲಿ ದುಡಿಯುವ ಇನ್ನೊಂದು ಕೈ ಇರಲಿಲ್ಲ.

ಶುಕ್ರವಾರ ವಿಶಾಖಾಳ ಮೂರನೆಯ ಪಾರ್ಸಲ್ ಬಂತು. ಡಬ್ಬಿಯ ಒಂದು ಮೈಯನ್ನು ಪೂರ್ತಿ ಮುಚ್ಚುವಷ್ಟು ದೊಡ್ಡ ಲೇಬಲ್. ಕಿರಣಕುಮಾರ, ತಂದೆ ಉರುಕುಂದಪ್ಪ, ಪೋತ್ನಾಳ. ಕೆಳಗೆ ಕೆಂಪಕ್ಷರ: 'ವಿಳಾಸದಾರರ ಕೈಗೇ ಕೊಡಬೇಕು'. ಒಳಗಿನ ಮಾಲು: ಹಾಡು ಕೇಳುವ ಸ್ಪೀಕರ್, ಉಡುಗೊರೆ. ನಾಗೇಶ ಹಲ್ಲು ಕಡಿಯುತ್ತಾ ಬೈಕಿನ ಕಿಕ್ ಒದ್ದು ಪೋತ್ನಾಳಕ್ಕೆ ಹೊರಟ.

"ಇಡು ಅಲ್ಲೇ, ಸಹಿ ಮಾಡ್ತೀನಿ," ಎಂದ ತಾಯಣ್ಣ, ಸಕ್ಕರೆ ತೂಗುತ್ತಾ.

"ಇಲ್ಲ ಕಾಕಾ. ಈ ಕಿರಣಕುಮಾರನ್ನ ಕರಿ. ಅವನ ಕೈಗೇ ಕೊಡಬೇಕು."

ತಾಯಣ್ಣನ ಕೈ ತಕ್ಕಡಿಯಲ್ಲೇ ನಿಂತಿತು. "ಅವ ಊರಾಗಿಲ್ಲ. ದೇವದುರ್ಗದ ಕಡಿ ಹೋಗ್ಯಾನ. ಈ ಕಡಿ ಬಂದು ವರ್ಷ ಆತು."

"ಮತ್ತ ಹೋದ ವಾರದ ಎರಡು ಡಬ್ಬಿ ಯಾರು ಒಯ್ದ್ರು?"

"ಅದನ್ನೆಲ್ಲ ಕೇಳಾಕ ನೀ ಏನು ಪೊಲೀಸೇನಲೇ?"

"ಪೊಲೀಸರಿಗೆ ಪಗಾರಾದ್ರೂ ಅದ, ಕಾಕಾ."

"ಹಂಗಾದ್ರ ವಾಪಸ್ ಒಯ್ಯಿ. ನಡಿ, ನಡಿ. ಗಿರಾಕಿ ನಿಂತಾರ."

ನಾಗೇಶ ಮೆಟ್ಟಿಲಿಳಿದ. ವಾಪಸ್ ಒಯ್ದರೆ ದೂರು ಖಂಡಿತ, ಐಡಿ ಬಂದ್ ಖಂಡಿತ. ತಿರುಗಿ ನಿಂತು, ಅಂಗಡಿಯ ಹಿಂದಿನ ಮನೆಗೂ ಕೇಳುವಂತೆ ಕೂಗಿದ. "ಸ್ಪೀಕರ್ ಅದ ಕಾಕಾ! ಪುಕ್ಕಟಿ! ಬ್ಯಾಡಂದ್ರ ಬಿಡು, ಒಯ್ತೀನಿ ಮತ್ತ!"

ಅಂಗಡಿಯ ಹಿಂಬದಿಯ ಪರದೆ ಸರಿಯಿತು. ಲುಂಗಿಯುಟ್ಟ, ಈಗ ತಾನೇ ತಲೆ ಬಾಚಿಕೊಂಡ ಒಬ್ಬ ಹೊರಬಂದ.

"ಯಾವ ಕಂಪನೀದ್ರಿ ಅದು?"

"ಒಳಗ ನಡಿಯಲೇ ಹುಚ್ಚಾ!" ತಾಯಣ್ಣ ಗದರಿದ.

"ನೀ ಸುಮ್ನಿರು ದೊಡ್ಡಪ್ಪ. ಒಂದು ಡಬ್ಬಿ ಇಸ್ಕೊಂಡ್ರ ಏನು ಆಕಾಶ ಬೀಳ್ತದೇನು?"

"ಕಿರಣಕುಮಾರ ನೀವ ಏನ್ರಿ?" ನಾಗೇಶ ಕೇಳಿದ.

"ನಾನಲ್ದ ನಮ್ಮಪ್ಪ ಏನು? ಕೊಡ್ರಿ ಇಲ್ಲಿ."

"ಹಿಂಗ ಎದಿಗೆ ಹಿಡೀರಿ. ಲೇಬಲ್ ಕಾಣ್ಲಿ. ಹಾಂ, ಒಂಚೂರು ನಗ್ರಿ."

ಅವನು ಹಲ್ಲು ಕಾಣುವಂತೆ ನಕ್ಕ. ಪೂರ್ತಿ ಹೆಸರಿನ ಸಹಿಯನ್ನೂ ಹಾಕಿದ. ತಾಯಣ್ಣ ನಾಗೇಶನ ಕಾಲ ಬಳಿಗೆ ಉಗುಳಿದ. "ಇನ್ಮ್ಯಾಲ ನನ್ನ ಅಂಗಡಿ ಮೆಟ್ಟಿಲ ಹತ್ತಿದಿ ಅಂದ್ರ ಕಾಲು ಮುರೀತೀನಿ."

ನಾಳೆಯಿಂದ ಪೋತ್ನಾಳದಲ್ಲಿ ಮನೆಮನೆ ತಿರುಗಬೇಕು. ಎಲ್ಲ ಆ ಹೆಂಗಸಿನಿಂದ. ನಾಗೇಶ ದಾರಿಯುದ್ದಕ್ಕೂ ಅವಳನ್ನು ಬಯ್ಯುತ್ತಾ ಬಂದ.

ಶನಿವಾರ ಅವಳೇ ಮಾನ್ವಿಗೆ ಬಂದಳು. ಅವನು ಐವತ್ತರ ಜಗಳಗಂಟಿಯನ್ನು ಊಹಿಸಿಕೊಂಡಿದ್ದ. ಇವಳಿಗೆ ಮೂವತ್ತೂ ಇರಲಿಕ್ಕಿಲ್ಲ. ನಮಸ್ಕಾರವಿಲ್ಲ, ಕೂರಲೂ ಇಲ್ಲ. "ಆ ಫೋಟೋದ ಪ್ರಿಂಟ್ ತೆಗೀರಿ. ಆಫೀಸಿನ ಸೀಲ್ ಹಾಕ್ರಿ. ಸಹಿ ಮಾಡ್ರಿ."

ಪೀಡೆ ತೊಲಗಲಿ ಎಂದು ಶೇಖರ ಎರಡು ಕಡೆ ಸೀಲ್ ಒತ್ತಿದ. ವಿಶಾಖಾ ಕಾಗದವನ್ನು ಬೆಳಕಿಗೆ ಹಿಡಿದು ಮೊದಲು ತಾರೀಖು ನೋಡಿದಳು, ಆಮೇಲೆ ಜಾಗ, ಆಮೇಲೆ ಸಹಿ. ಮುಖವನ್ನು ಕೊನೆಗೆ ನೋಡಿದಳು, ಬಹಳ ಹೊತ್ತು. ನಂತರ ಫೋನ್ ತೆಗೆದು, ನಾಗೇಶನ ಕಣ್ಣೆದುರೇ ಎರಡೂ ದೂರು ವಾಪಸ್ ತೆಗೆದುಕೊಂಡಳು.

ಐಡಿ ಉಳಿಯಿತು. ಜೀವ ಬಂದಂತಾಗಿ, ನಾಗೇಶನಿಗೆ ಆಗ ಸಿಟ್ಟೂ ಬಂತು.

"ಒಂದು ಫೋಟೋ ಸಲುವಾಗಿ ನನ್ನ ಹೊಟ್ಟಿ ಮ್ಯಾಲ ಹೊಡಿಯಾಕ ನಿಂತಿದ್ರಲ್ರಿ ಮೇಡಂ! ಯಾರ್ರಿ ಅವ, ಅಂಥಾ ದೊಡ್ಡ ಗಿರಾಕಿ?"

"ನನ್ನ ಗಂಡ," ಎಂದಳು ವಿಶಾಖಾ. "ಜೀವನಾಂಶದ ಸಮನ್ಸ್ ಮೂರು ಸಲ 'ಅವ ಈ ಊರಾಗ ಇಲ್ಲ' ಅಂತ ಕೋರ್ಟಿಗೆ ವಾಪಸ್ ಬಂದದ. ಸೋಮವಾರ ಜಡ್ಜ್ ಸಾಹೇಬ್ರಿಗೆ ಇದನ್ನ ತೋರಿಸ್ತೀನಿ."